ನಮ್ಮ ಸೀಮೆಯ ಚರಿತ್ರೆಗೆ ಆಧಾರ: ಕಲ್ಲು, ಕಡತ, ಕಂಪ್ಯೂಟರು

ಬೆಳ್ಳಿಹಬ್ಬದ ಸ್ಮರಣ ಸಂಚಿಕೆಗೆ ಊರಿನ ಚರಿತ್ರೆಯ ಮೇಲೆ ಒಂದು ಲೇಖನ ಬೇಕೆಂದು ಸಂಘದ ಆಡಳಿತ ಮಂಡಳಿಯವರು ನಮ್ಮನ್ನು ಕೇಳಿದರು. ಇಂಥ ಸಂಚಿಕೆಗಳಲ್ಲಿ ಊರಿನ ಚರಿತ್ರೆ ಹೇಗೆ ಶುರುವಾಗುತ್ತದೆಂಬುದು ಓದುಗ ಬಂಧುಗಳಿಗೆ ತಿಳಿಯದ್ದೇನಲ್ಲ. ಪಾಂಡವರು ವನವಾಸದಲ್ಲಿ ಇಲ್ಲಿ ಒಂದು ರಾತ್ರಿ ತಂಗಿದ್ದರು, ಭೀಮ ಕಾಲೂರಿದ ಜಾಗ ಕೆರೆಯಾಯಿತು, ಆಮೇಲೆ ಒಬ್ಬ ಪಾಳೇಗಾರ ಬಂದ, ಆಮೇಲೆ ನೇರವಾಗಿ ಸ್ವಾತಂತ್ರ್ಯ ಬಂತು, ಕರೆಂಟು ಬಂತು, ಡೈರಿ ಬಂತು! ನಡುವಿನ ಸಾವಿರ ವರ್ಷ ಎಲ್ಲಿ ಹೋಯಿತಪ್ಪಾ ಎಂದು ಯಾರೂ ಕೇಳುವುದಿಲ್ಲ. ಐತಿಹ್ಯ ಬೇಡವೆಂದು ನಾವು ಹೇಳುತ್ತಿಲ್ಲ; ಅಜ್ಜಿ ಹೇಳಿದ ಕಥೆಗೂ ಅದರದೇ ಬೆಲೆಯಿದೆ. ಆದರೆ ಚರಿತ್ರೆ ಎಂದ ಮೇಲೆ ಆಧಾರ ಬೇಕು. ಆ ಆಧಾರ ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಗ್ಗಡದೇವನಕೋಟೆ ಸೀಮೆಯಲ್ಲಿ ಎಲ್ಲೆಲ್ಲಿದೆ, ಅದನ್ನು ಓದುವುದು ಹೇಗೆ, ಈಗ ಮನೆಮನೆಗೂ ಬಂದಿರುವ ಕಂಪ್ಯೂಟರು, ಮೊಬೈಲು ಅದಕ್ಕೆ ಎಷ್ಟು ಒದಗುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಹೇಳೋಣವೆಂದು ಈ ಬರಹಕ್ಕೆ ಕೈಹಾಕಿದ್ದೇವೆ.

ಮೊದಲು ಕಲ್ಲಿನ ಮಾತು. ಬೆಂಗಳೂರಿನಲ್ಲಿ 1837ರಲ್ಲಿ ಹುಟ್ಟಿದ ಬಿ.ಎಲ್. ರೈಸ್ ಎಂಬ ಮಹನೀಯರು ಮೈಸೂರು ಸಂಸ್ಥಾನದ ಊರೂರು ಸುತ್ತಿ, ಸುಮಾರು 9000 ಶಾಸನಗಳನ್ನು ಸಂಗ್ರಹಿಸಿ, ‘ಎಪಿಗ್ರಾಫಿಯ ಕರ್ನಾಟಿಕ’ ಎಂಬ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ನಮ್ಮ ಸೀಮೆಯ ಶಾಸನಗಳು 1898ರ ನಾಲ್ಕನೆಯ ಸಂಪುಟದಲ್ಲಿವೆ. ಅನಂತರ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆಯವರು ಇವನ್ನೆಲ್ಲ ಮತ್ತೆ ಪರಿಶೀಲಿಸಿ, ಹೊಸದಾಗಿ ಸಿಕ್ಕಿದವನ್ನೂ ಸೇರಿಸಿ ಪರಿಷ್ಕೃತ ಸಂಪುಟಗಳನ್ನು ತಂದರು. ಅದರಂತೆ ಕೋಟೆ ತಾಲ್ಲೂಕಿನ ಶಾಸನಗಳು ಮೂರನೆಯ ಸಂಪುಟದಲ್ಲಿ (1974), ಹುಣಸೂರು ಮತ್ತು ಪಿರಿಯಾಪಟ್ಟಣದವು ನಾಲ್ಕರಲ್ಲಿ (1975), ಕೆ.ಆರ್. ನಗರದವು ಐದರಲ್ಲಿ (1976) ಸಿಗುತ್ತವೆ. ತಮ್ಮ ಊರಿನ ಹೆಸರು ಅಲ್ಲಿದೆಯೇ ಎಂದು ನೋಡದವರು ದಯವಿಟ್ಟು ಒಮ್ಮೆ ನೋಡಬೇಕು.

ಅಲ್ಲಿ ಏನಿರುತ್ತದೆ ಎಂದರೆ, ಬರೀ ರಾಜರ ಹೊಗಳಿಕೆ ಎಂದು ತಿಳಿಯಬೇಡಿ. ಕೋಟೆ ತಾಲ್ಲೂಕಿನ ಬೆಳತೂರಿನ ಕಲ್ಲೊಂದು 1057ನೆಯ ಇಸವಿಯದು. ನವಲೆನಾಡಿನ ಒಡೆಯ ಏಚ ಎಂಬವನನ್ನು, ಅವನು ದಾಯಾದಿಯೊಬ್ಬನನ್ನು ಕೊಂದನೆಂದು, ದೊರೆ ತಲಕಾಡಿಗೆ ಹಿಡಿಸಿ ತರಿಸಿ ಕೊಲ್ಲಿಸಿದ. ಸುದ್ದಿ ಕೇಳಿದ ಅವನ ಹೆಂಡತಿ ದೇಕಬ್ಬೆ ಬೆಂಕಿಗೆ ಬೀಳಲು ಹೊರಟಳು. ತಂದೆ ತಾಯಿ, ನಂಟರು ಎಷ್ಟೋ ಬೇಡಿಕೊಂಡರು, ತಡೆದರು, ಕೇಳಲಿಲ್ಲ. ಭೂಮಿಯನ್ನು ದಾನ ಕೊಟ್ಟು ಕೊಂಡ ಹೊಕ್ಕಳು. ಆ ಪದ್ಧತಿಯನ್ನು ಇಂದು ಯಾರೂ ಒಪ್ಪುವುದಿಲ್ಲ, ಒಪ್ಪಲೂಬಾರದು. ಆದರೆ ಮಗಳನ್ನು ಉಳಿಸಿಕೊಳ್ಳಲು ಹೆತ್ತವರು ಪರದಾಡಿದ್ದು ಸುಮಾರು 970 ವರ್ಷದ ಮೇಲೂ ನಮ್ಮ ಕೈಗೆ ಸಿಗುತ್ತದೆಯಲ್ಲ! ಕಲ್ಲು ಕೆತ್ತಿಸಿದವನ ಉದ್ದೇಶ ಅವಳನ್ನು ಹೊಗಳುವುದಾಗಿತ್ತು. ಹೆತ್ತವರು ತಡೆದರೆಂಬುದು ಆ ಹೊಗಳಿಕೆಯ ನಡುವೆ ಉಳಿದುಬಂದಿದೆ. ಆಧಾರವನ್ನು ಓದುವಾಗ ಅದು ಏನು ಹೇಳಲು ಹೊರಟಿದೆ ಎಂಬುದರ ಜೊತೆಗೆ, ಹೇಳುತ್ತ ಹೇಳುತ್ತ ಇನ್ನೇನನ್ನು ಬಿಟ್ಟುಕೊಟ್ಟಿದೆ ಎಂಬುದನ್ನೂ ನೋಡಬೇಕು.

ಹಾಗೆಯೇ ವೀರಗಲ್ಲುಗಳು. ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ, ದನ ಬಿಡಿಸಿ, ಅಲ್ಲೇ ಪ್ರಾಣ ಬಿಟ್ಟವನ ಕಲ್ಲುಗಳು ಕನ್ನಡನಾಡಿನ ಉದ್ದಗಲಕ್ಕೂ ಇವೆ. ಹಾಲಿನ ಸಂಘದವರಾದ ನಾವು ಅಂಥ ಕಲ್ಲಿಗೆ ಒಂದು ಕೈ ಮುಗಿಯುವುದರಲ್ಲಿ ತಪ್ಪಿಲ್ಲ. ಕೆಲವು ಕಡೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ, ಆ ಮಾತು ಬೇರೆ.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ಮೊದಲು ಒಂದು ಊರಿನ ಹೆಸರು ಶಾಸನಗಳಲ್ಲಿ ಎಲ್ಲೆಲ್ಲಿ ಬಂದಿದೆ ಎಂದು ತಿಳಿಯಬೇಕಾದರೆ ಮೈಸೂರಿಗೆ ಬಸ್ಸು ಹತ್ತಿ, ದೊಡ್ಡ ಲೈಬ್ರರಿಯಲ್ಲಿ ಕೂತು, ಒಂದೊಂದು ಸಂಪುಟದ ಸೂಚಿಯನ್ನೂ ತಿರುವಬೇಕಾಗಿತ್ತು. ಈಗ ಹಳೆಯ ಸಂಪುಟಗಳು ಸ್ಕ್ಯಾನ್ ಆಗಿ ಮೊಬೈಲಿನಲ್ಲೇ ತೆರೆದುಕೊಳ್ಳುತ್ತವೆ. ಸ್ಕ್ಯಾನ್ ಎಂದರೆ ಬರೀ ಫೋಟೋ. ಅದರೊಳಗಿನ ಅಕ್ಷರವನ್ನು ಯಂತ್ರ ಓದಿ ಪಠ್ಯವಾಗಿ ಮಾಡಿದ್ದರೆ ಮಾತ್ರ ಹುಡುಕಲು ಬರುತ್ತದೆ. ಮಾಡಿದ ಕಡೆಯಂತೂ ಮೂರು ದಿನದ ಕೆಲಸ ಮೂರು ನಿಮಿಷಕ್ಕೆ ಮುಗಿಯುತ್ತದೆ. ಇದು ಸಣ್ಣ ಉಪಕಾರವಲ್ಲ. ಆದರೆ ಹುಡುಕುವವನಿಗೆ ತಿಳುವಳಿಕೆ ಇಲ್ಲದಿದ್ದರೆ ಕಂಪ್ಯೂಟರು ‘ಇಲ್ಲ’ ಎಂದು ಹೇಳಿ ಸುಮ್ಮನಾಗುತ್ತದೆ. ಅವನೂ ಇಲ್ಲವೆಂದೇ ನಂಬಿ ಬರೆದುಬಿಡುತ್ತಾನೆ!

ಒಂದು ಉದಾಹರಣೆ ಹೇಳುತ್ತೇವೆ. ಹಳೆಯ ಕೆ.ಆರ್. ನಗರ ತಾಲ್ಲೂಕಿನ ಚಿಕ್ಕಹನಸೋಗೆ ಈಗ ಸಣ್ಣ ಊರು. ಸಾವಿರ ವರ್ಷದ ಹಿಂದೆ ಅದು ದೊಡ್ಡ ಜೈನ ಕೇಂದ್ರ. 64 ಬಸದಿಗಳಿದ್ದವೆಂದು ಹೇಳಿಕೆ, ಇಂದಿಗೂ ಆದಿನಾಥನ ತ್ರಿಕೂಟ ಬಸದಿ ಇದೆ. ಚಂಗಾಳ್ವ ಅರಸರಿಗೂ ಚೋಳರಿಗೂ ಇಲ್ಲಿ ದೊಡ್ಡ ಕಾಳಗವಾಯಿತು. ಆ ಕಾಳಗದ ಸುದ್ದಿಯನ್ನು ‘ಹನಸೋಗೆ’ ಎಂದು ಹುಡುಕಿದರೆ ಸಿಗುವುದಿಲ್ಲ. ಏಕೆಂದರೆ ಅಂದಿನ ಹೆಸರು ‘ಪನಸೋಗೆ’. ಹಳೆಗನ್ನಡದ ಪಕಾರ ನಡುಗನ್ನಡ, ಹೊಸಗನ್ನಡದ ಹೊತ್ತಿಗೆ ಹಕಾರವಾಯಿತು. ಪೂ ಹೂವಾಯಿತು, ಪುಲಿ ಹುಲಿಯಾಯಿತು. ಅಷ್ಟೇಕೆ, ನಮ್ಮ ಸಂಘ ದಿನಾ ಅಳೆಯುವ ಹಾಲೇ ಆಗ ‘ಪಾಲ್’. ಇನ್ನೊಂದು ವಿಚಿತ್ರವೆಂದರೆ ಈ ಕಾಳಗದ ಆಧಾರ ಹನಸೋಗೆಯಲ್ಲೇ ಇಲ್ಲ, ಕೊಡಗಿನ ಮಾಲಂಬಿಯ ಕಲ್ಲಿನ ಮೇಲಿದೆ. ಪನಸೋಗೆಯಲ್ಲಿ ಪರಾಕ್ರಮ ತೋರಿದ ಮನಿಜ ಎಂಬವನಿಗೆ ಚೋಳ ದೊರೆಯ ಅಪ್ಪಣೆಯಂತೆ ‘ಕ್ಷತ್ರಿಯಶಿಖಾಮಣಿ ಕೊಂಗಾಳ್ವ’ ಎಂಬ ಬಿರುದನ್ನೂ ಮಾಲವ್ವಿ ಎಂಬ ಆ ಊರನ್ನೂ ಕೊಟ್ಟ ಸಂಗತಿ ಅದರಲ್ಲಿದೆ. ಕಾಲ ಸುಮಾರು 1004. ಅಂದರೆ ನಮ್ಮ ಊರಿನ ಚರಿತ್ರೆ ಪಕ್ಕದ ಜಿಲ್ಲೆಯ ಊರಿನಲ್ಲಿ ಕೂತಿರುತ್ತದೆ. ಇಂಥದ್ದನ್ನು ಜೋಡಿಸುವುದರಲ್ಲಿ ಕಂಪ್ಯೂಟರು ನಿಜಕ್ಕೂ ಗಟ್ಟಿಗ. ಆದರೆ ‘ಪ’ ಎಂದು ಬೆರಳಿಡುವವರು ಮನುಷ್ಯರೇ ಆಗಬೇಕು.

ತಮಾಷೆ ನೋಡಿ, ಎಲ್ಲ ಕಡೆ ‘ಪಿರಿಯ’ ಹೋಗಿ ‘ಹಿರಿಯ’ ಆದರೂ ಪಿರಿಯಾಪಟ್ಟಣ ಮಾತ್ರ ತನ್ನ ‘ಪಿ’ಯನ್ನು ಬಿಡಲಿಲ್ಲ. ಇಂಗ್ಲಿಷಿನಲ್ಲಿ ಅದನ್ನು ಮೂರು ನಾಲ್ಕು ಬಗೆಯಾಗಿ ಬರೆಯುತ್ತಾರೆ, ಎಲ್ಲವನ್ನೂ ಹುಡುಕಬೇಕು. ಅಲ್ಲದೆ ರೈಸರ ಕಾಲದಲ್ಲಿ ಪಿರಿಯಾಪಟ್ಟಣ ಹುಣಸೂರು ತಾಲ್ಲೂಕಿನೊಳಗಣ ಉಪತಾಲ್ಲೂಕು. ಕೆ.ಆರ್. ನಗರವಂತೂ ಆ ಹೆಸರಿನಿಂದ ಹಳೆಯ ಕಡತದಲ್ಲಿ ಸಿಗುವುದೇ ಇಲ್ಲ. ಕಾವೇರಿ ಪ್ರವಾಹದ ಕಾಟ ತಾಳದೆ 1920ರ ದಶಕದಲ್ಲಿ ಹೊಸ ಊರು ಕಟ್ಟಿ ಕೃಷ್ಣರಾಜನಗರ ಎಂದು ಕರೆದರು. ಅದಕ್ಕೆ ಮೊದಲು ಅದು ಎಡತೊರೆ. ಊರುಗಳ ಹಳೆಯ ಹೆಸರು, ಹಳೆಯ ಹೋಬಳಿ, ಹಳೆಯ ತಾಲ್ಲೂಕು, ಇಷ್ಟನ್ನೂ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡೇ ಕಂಪ್ಯೂಟರಿನ ಮುಂದೆ ಕೂರುವುದು ಒಳ್ಳೆಯದು.

ಕಲ್ಲಿನ ಅಕ್ಷರ ಸವೆದಿದ್ದರೆ ಏನು ಮಾಡುವುದು? ಹಳೆಯ ಪದ್ಧತಿ ಇಂದಿಗೂ ಇದೆ. ಕಲ್ಲನ್ನು ತಿಕ್ಕಿ ತೊಳೆದು, ಒದ್ದೆ ಕಾಗದ ಹೊದಿಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಕಾಗದ ಇಳಿಯುವಂತೆ ಮಾಡಿ, ಮೇಲೆ ಮಸಿ ತಟ್ಟಿದರೆ ಅಕ್ಷರ ಬೆಳ್ಳಗೆ, ಸುತ್ತಲೂ ಕಪ್ಪಗೆ ಮೂಡುತ್ತದೆ. ಹೀಗೆ ದೇಶದ ಮೂಲೆಮೂಲೆಯಿಂದ ತೆಗೆದ ಪಡಿಯಚ್ಚುಗಳು ನಮ್ಮ ಮೈಸೂರಿನಲ್ಲೇ, ಕೇಂದ್ರ ಪುರಾತತ್ತ್ವ ಇಲಾಖೆಯ ಶಾಸನ ಶಾಖೆಯಲ್ಲಿ ಸಾವಿರಾರು ಸಂಖ್ಯೆಯಲ್ಲಿ ಕೂಡಿವೆ. ಒಂದು ಲಕ್ಷ ಶಾಸನಗಳನ್ನು ಡಿಜಿಟಲ್ ಮಾಡಿ ಹೈದರಾಬಾದಿನಲ್ಲಿ ಶಾಸನಗಳ ಸಂಗ್ರಹಾಲಯ ಮಾಡುವುದಾಗಿ 2023ರ ಕೇಂದ್ರ ಬಜೆಟ್ಟಿನಲ್ಲಿ ಪ್ರಕಟವಾಯಿತು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಲ್ಲಿನ ಮೈಯನ್ನೇ ಉಬ್ಬುತಗ್ಗು ಸಮೇತ ಸ್ಕ್ಯಾನ್ ಮಾಡುವ ಕೆಲಸ ಹಿಡಿದರು. ಹಾಗೆ ಮಾಡಿದ ಕಲ್ಲನ್ನು ತೆರೆಯ ಮೇಲೆ ಹೇಗೆ ಬೇಕಾದರೂ ತಿರುಗಿಸಿ, ಯಾವ ಕಡೆಯಿಂದ ಬೇಕಾದರೂ ಬೆಳಕು ಬಿಟ್ಟು ನೋಡಬಹುದು. ಕಣ್ಣಿಗೆ ಕಾಣದ ಗೆರೆ ಎದ್ದು ಕಾಣುತ್ತದೆ. ಅಂಥ ಯಂತ್ರ ನಮ್ಮ ಹಳ್ಳಿಗೆ ಯಾವಾಗ ಬರುವುದೋ ಬರಲಿ. ಅಲ್ಲಿಯವರೆಗೆ ಒಂದು ಸುಲಭೋಪಾಯ: ಸಂಜೆ ಕತ್ತಲಾದ ಮೇಲೆ ಕಲ್ಲಿನ ಪಕ್ಕದಿಂದ ಓರೆಯಾಗಿ ಟಾರ್ಚು ಹಿಡಿದು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಕಾಣದ ಅಕ್ಷರ ಆಗ ಕಾಣುತ್ತದೆ. ಕಲ್ಲಿಗೆ ಎಣ್ಣೆ, ಸುಣ್ಣ, ಸೀಮೆಸುಣ್ಣ ಬಳಿಯಬೇಡಿ. ಅಲ್ಲೇ ನಿಂತು ರಾಜ್ಯ ಸರ್ಕಾರದ ‘ದಿಶಾಂಕ್’ ಆ್ಯಪ್ ತೆರೆದರೆ ನಿಂತ ಜಾಗದ ಸರ್ವೆ ನಂಬರು ತಿಳಿಯುತ್ತದೆ, ಅದನ್ನೂ ಬರೆದುಕೊಳ್ಳಿ. ಕಲ್ಲು ನಾಳೆ ಇನ್ನೊಂದು ಕಡೆಗೆ ಹೋದರೂ ಎಲ್ಲಿತ್ತೆಂಬುದು ಉಳಿಯುತ್ತದೆ.

ಹೋಗುತ್ತದೆಯೇ ಎಂದು ಕೇಳಬೇಡಿ. ಕಲ್ಲೇನು, ಊರಿಗೆ ಊರೇ ಹೋಗಿದೆ! ಪುನ್ನಾಟ ರಾಜ್ಯದ ರಾಜಧಾನಿ ಕಿತ್ತಿಪುರ, ಅಂದರೆ ಕೋಟೆ ತಾಲ್ಲೂಕಿನ ಕಿತ್ತೂರು, ಕಪಿಲಾ ದಂಡೆಯ ಮೇಲಿತ್ತು. ಗ್ರೀಕ್ ಭೂಗೋಳಕಾರ ಟಾಲೆಮಿ ತನ್ನ ಗ್ರಂಥದಲ್ಲಿ ಹಸಿರುಮಣಿ ಸಿಗುವ ನಾಡೆಂದು ಈ ಪುನ್ನಾಟದ ಹೆಸರು ಹೇಳಿದ್ದಾನೆ. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದ ಮೇಲೆ ಆ ಹಳೆಯ ಊರು ನೀರಿನ ಪಾಲಾಯಿತು. ಅಣೆಕಟ್ಟು ಬೇಕಿತ್ತು, ಅದರ ನೀರಿನಿಂದ ಎಷ್ಟೋ ಜನ ಅನ್ನ ಉಣ್ಣುತ್ತಿದ್ದಾರೆ. ಆದರೂ ಆ ಸೀಮೆಯ ಶಾಸನಗಳನ್ನು 1898ರಲ್ಲೇ ಓದಿ ಅಚ್ಚು ಹಾಕಿಸಿದ್ದವರಿದ್ದರು ಎಂಬುದು ನಮ್ಮ ಪುಣ್ಯ. ನೀರು ಬರುತ್ತದೆಂದು ಅವರಿಗೇನು ಗೊತ್ತಿತ್ತೇ?

ಕಲ್ಲಿನ ನಂತರ ಕಾಗದ. ಹುಣಸೂರು ತಾಲ್ಲೂಕು ಕಲ್ಲಹಳ್ಳಿಯವರಾದ, 1915ರಲ್ಲಿ ಹುಟ್ಟಿದ ದೇವರಾಜ ಅರಸರು ಮುಖ್ಯಮಂತ್ರಿಗಳಾಗಿದ್ದಾಗ ಭೂಸುಧಾರಣಾ ಕಾಯಿದೆಯ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಮಾಡುತ್ತಿದ್ದವರು 7ನೇ ನಮೂನೆಯಲ್ಲಿ ಅರ್ಜಿ ಹಾಕಿದರು, ಭೂನ್ಯಾಯಮಂಡಳಿಗಳ ಮುಂದೆ ಹೇಳಿಕೆ ಕೊಟ್ಟರು. ಯಾರು ಉಳುತ್ತಿದ್ದರು, ಎಷ್ಟು ಪಲ್ಲ ಗೇಣಿ ಅಳೆಯುತ್ತಿದ್ದರು, ಸಾಕ್ಷಿ ಹೇಳಿದ ಅಕ್ಕಪಕ್ಕದ ಹೊಲದವರು ಯಾರು ಎಂಬುದೆಲ್ಲ ಅಂಥ ಕಡತಗಳಲ್ಲಿ ಇರುತ್ತದೆ. ಹೆಬ್ಬೆಟ್ಟು ಒತ್ತಿದವರ ಮಾತು ಬರಹಕ್ಕೆ ಇಳಿದದ್ದು ನಮ್ಮ ದೇಶದಲ್ಲಿ ಬಹಳ ಅಪರೂಪ. ಪಿರಿಯಾಪಟ್ಟಣದ ಕಾಳಗವನ್ನು ಜನಪದರು ಕಾವ್ಯವಾಗಿ ಹಾಡಿಕೊಂಡು ಬಂದಿದ್ದಾರೆ, ಸಂತೋಷ. ಆದರೆ ಗೇಣಿದಾರನ ಹೇಳಿಕೆಯೂ ಅದಕ್ಕಿಂತ ಕಡಿಮೆಯ ಚರಿತ್ರೆಯಲ್ಲ ಎಂಬುದು ನಮ್ಮ ಅಭಿಪ್ರಾಯ.

ನಮ್ಮ ಸಂಘ ಹುಟ್ಟಿದ ಕಾಲಕ್ಕೂ ಪಹಣಿ ಕಂಪ್ಯೂಟರಿಗೆ ಹೋದ ಕಾಲಕ್ಕೂ ಹೆಚ್ಚು ಅಂತರವಿಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತುಂಬಿದರು. ಕೈಬರಹದ ಪಹಣಿಗಾಗಿ ಶ್ಯಾನುಭೋಗರ ಕಾಲದಿಂದ ಕಾದು ನಿಂತು ರೂಢಿಯಾಗಿದ್ದ ಜನಕ್ಕೆ ಇದು ದೊಡ್ಡ ಅನುಕೂಲ. ಆದರೆ ತುಂಬಿದ್ದು ಅಂದಿನ ದಿನಕ್ಕೆ ಚಾಲ್ತಿಯಲ್ಲಿದ್ದ ಪಹಣಿಯನ್ನು ಮಾತ್ರ. ಅದರ ಹಿಂದಿನ ನೂರು ವರ್ಷದ ಮ್ಯುಟೇಷನ್ನು, ಟಿಪ್ಪಣಿ, ಇನಾಂ ರಿಜಿಸ್ಟರು ಎಲ್ಲ ರೆಕಾರ್ಡು ರೂಮಿನ ಬಟ್ಟೆಗಂಟಿನಲ್ಲೇ ಉಳಿದವು. ಅವನ್ನೂ ಸ್ಕ್ಯಾನ್ ಮಾಡಲು ಕಂದಾಯ ಇಲಾಖೆ ‘ಭೂಸುರಕ್ಷಾ’ ಎಂಬ ಯೋಜನೆಯನ್ನು 2024ರಲ್ಲಿ ಶುರುಮಾಡಿತು. ಎರಡಕ್ಕೂ ನಡುವೆ ಸುಮಾರು ಕಾಲು ಶತಮಾನ! ಅಷ್ಟರಲ್ಲಿ ಗೆದ್ದಲು ಸುಮ್ಮನೆ ಕೂತಿರುತ್ತದೆಯೇ?

ಇದೇ ಮಾತನ್ನು ನಮ್ಮ ಸಂಘಕ್ಕೂ ಹೇಳಬೇಕಾಗಿದೆ. ಈ ಲೇಖನದ ಸಲುವಾಗಿ ಸಂಘದ ಬೀರುವನ್ನು ತೆಗೆಸಿದೆವು. ನಡವಳಿ ಪುಸ್ತಕ, ಷೇರು ರಿಜಿಸ್ಟರು, ದಿನವಹಿ, ಹಾಲು ಖರೀದಿ ಪುಸ್ತಕ, ಬಟವಾಡೆ ಪಟ್ಟಿ, ಪಶು ಆಹಾರದ ಲೆಕ್ಕ ಎಲ್ಲವೂ ಇವೆ. ಕೆಳಗಿನ ಸಾಲಿನ ನಾಲ್ಕಾರು ಪುಸ್ತಕಕ್ಕೆ ಇಲಿ ಬಾಯಿ ಹಾಕಿದೆ. ನಾವು ಧೂಳು ಕೊಡವುತ್ತಿದ್ದುದನ್ನು ನೋಡಿ ಹಾಲು ಹಾಕಲು ಬಂದ ಹಿರಿಯರೊಬ್ಬರು, “ಅದ್ರಲ್ಲಿ ಏನೈತೆ ಮೇಷ್ಟ್ರೆ, ಬರೀ ಲೆಕ್ಕ ಕನ, ಆಡಿಟ್ ಆಗೋಯ್ತಲ್ಲ, ತೂಕಕ್ಕೆ ಹಾಕುದ್ರೆ ಗಣಪತಿ ಹಬ್ಬದ್ ಖರ್ಚಿಗಾಯ್ತದೆ” ಎಂದರು. ನಗು ಬಂತು. ಆದರೆ ಅವರ ಮಾತು ಅವರೊಬ್ಬರದೇ ಅಲ್ಲ.

ಆ ‘ಬರೀ ಲೆಕ್ಕ’ದಲ್ಲಿ ಏನಿದೆ ನೋಡಿ. ಬೆಳಿಗ್ಗೆ ಸಂಜೆ ಎರಡು ಹೊತ್ತು, ಯಾರ ಮನೆಯಿಂದ ಎಷ್ಟು ಹಾಲು, ಎಷ್ಟು ಫ್ಯಾಟು ಎಂದು ದಿನದಿನವೂ ಬರೆದ ದಾಖಲೆ ಯಾವ ರಾಜನ ಆಸ್ಥಾನದಲ್ಲೂ ಇರಲಿಲ್ಲ. 2013ರಲ್ಲಿ ಕಾಲುಬಾಯಿ ಜ್ವರ ಬಂದು ಹಳೇ ಮೈಸೂರಿನ ಕಡೆಯೆಲ್ಲ ದನ ಸತ್ತವು, 2022ರಲ್ಲಿ ಚರ್ಮಗಂಟು ರೋಗ ಬಂತು, 2020ರಲ್ಲಿ ಕೊರೋನಾ ಬೀಗ, 2023ರಲ್ಲಿ ಬರ. ಪ್ರತಿಯೊಂದರ ಪೆಟ್ಟು ಯಾವ ಮನೆಗೆ ಎಷ್ಟು ಬಿತ್ತು, ಯಾರು ಎಷ್ಟು ತಿಂಗಳಲ್ಲಿ ಸುಧಾರಿಸಿಕೊಂಡರು, ಯಾರು ಹಾಲು ಹಾಕುವುದನ್ನೇ ನಿಲ್ಲಿಸಿದರು ಎಂಬುದನ್ನು ಈ ಪುಸ್ತಕಗಳಿಂದ ಹೊರಕ್ಕೆ ತೆಗೆಯಬಹುದು. ತಂಬಾಕು ಬೆಳೆಯುವ ಮನೆಗಳಲ್ಲಿ ಬ್ಯಾರನ್ನಿಗೆ ಬೆಂಕಿ ಹಾಕುವ ತಿಂಗಳುಗಳಲ್ಲಿ ಹಾಲು ಇಳಿಯುತ್ತದೆಯೋ ಏರುತ್ತದೆಯೋ? ಮಾತಿನಲ್ಲಿ ಎಲ್ಲರೂ ಒಂದೊಂದು ಹೇಳುತ್ತಾರೆ, ಪುಸ್ತಕ ನೋಡಿದರೆ ಗೊತ್ತಾಗುತ್ತದೆ. ಐದು ವರ್ಷದ ಅಂಕಿಗಳನ್ನು ಎಕ್ಸೆಲ್ ಹಾಳೆಗೆ ಏರಿಸಿ ಗೆರೆ ಎಳೆಸಿದರೆ ಎಂಟನೇ ಕ್ಲಾಸಿನ ಹುಡುಗಿಯೂ ಓದಿ ಹೇಳಬಲ್ಲಳು.

ಹಾಗೆಂದು ಪುಸ್ತಕದಲ್ಲಿ ಇದ್ದದ್ದೆಲ್ಲ ಪೂರ್ತಿ ನಿಜವೆಂದು ತಿಳಿಯಬಾರದು. ಷೇರು ರಿಜಿಸ್ಟರಿನಲ್ಲಿ ಗಂಡಸರ ಹೆಸರೇ ಹೆಚ್ಚು. ಹುಲ್ಲು ಕೊಯ್ದು, ಸಗಣಿ ಬಾಚಿ, ಹಾಲು ಕರೆದು, ಕ್ಯಾನು ಹೊತ್ತು ತರುವವರು ಯಾರು ಎಂಬುದು ಡೈರಿ ಮುಂದೆ ಬೆಳಿಗ್ಗೆ ಆರಕ್ಕೆ ನಿಂತರೆ ಕಾಣುತ್ತದೆ. ಸಾವಿರ ವರ್ಷದ ಹಿಂದಿನ ಕಲ್ಲಿನಲ್ಲೂ ಇದೇ ಕಥೆ: ಕೆರೆ ಕಟ್ಟಿಸಿದವನ ಹೆಸರಿದೆ, ಮಣ್ಣು ಹೊತ್ತವರ ಹೆಸರಿಲ್ಲ. ಆದ್ದರಿಂದ ಪುಸ್ತಕದ ಜೊತೆಗೆ ಬಾಯಿಮಾತನ್ನೂ ಕೇಳಿ ಬರೆದುಕೊಳ್ಳಬೇಕು. ಹಿರಿಯರು ಇಸವಿ ಹೇಳುವುದಿಲ್ಲ. ‘ಕಬಿನಿ ನೀರು ನಿಂತ ವರ್ಷ’, ‘ದೊಡ್ಡ ಮಗಳ ಬಾಣಂತನದ ವರ್ಷ’ ಎನ್ನುತ್ತಾರೆ. ಮೊದಲನೆಯದಕ್ಕೆ ಕಡತದಲ್ಲಿ ಇಸವಿ ಇದೆ, ಎರಡನೆಯದಕ್ಕೆ ಮಗಳ ಶಾಲೆಯ ದಾಖಲಾತಿ ಪುಸ್ತಕವಿದೆ. ಒಂದಕ್ಕೊಂದು ತಾಳೆ ಹಾಕಿ ನೋಡುವುದೇ ಚರಿತ್ರೆಕಾರನ ಕಸುಬು. ಮೊಬೈಲಿನಲ್ಲಿ ಧ್ವನಿ ಹಿಡಿದಿಡುವುದಾದರೆ ಮೊದಲು ಅವರ ಒಪ್ಪಿಗೆ ಕೇಳಬೇಕು, ಹೆಸರು, ಊರು, ತಾರೀಖು ಧ್ವನಿಯ ಶುರುವಿನಲ್ಲೇ ಹೇಳಿಸಬೇಕು.

ಈಗ ನಿಜವಾದ ಆತಂಕಕ್ಕೆ ಬರುತ್ತೇವೆ. ಎಲ್ಲೆಡೆ ಸಹಕಾರ ಸಂಘಗಳ ಲೆಕ್ಕ ಕಂಪ್ಯೂಟರಿಗೆ ಹೋಗುತ್ತಿದೆ. ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸರ್ಕಾರ 2022ರಲ್ಲಿ 2516 ಕೋಟಿ ರೂಪಾಯಿಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಹಾಲಿನ ಸಂಘಗಳಲ್ಲೂ ಯಂತ್ರ ಅಳೆದು ಚೀಟಿ ಕೊಡುತ್ತದೆ. ಒಳ್ಳೆಯದೇ, ಯಾಮಾರಿಸುವುದು ಕಷ್ಟವಾಯಿತು. ಆದರೆ ಲೆಕ್ಕ ಕಂಪ್ಯೂಟರಿಗೆ ಏರಿಸುವಾಗ ಸಾಮಾನ್ಯವಾಗಿ ಏರುವುದು ಆ ದಿನದ ಬಾಕಿ ಮಾತ್ರ. ಹಿಂದಿನ ವರ್ಷಗಳ ಪುಸ್ತಕಕ್ಕೆ ಆಮೇಲೆ ಯಾರ ದಿಕ್ಕೂ ಇರುವುದಿಲ್ಲ. ನಡವಳಿ ಪುಸ್ತಕದಲ್ಲಿ ಒಬ್ಬರು ಎದ್ದು ಆಕ್ಷೇಪಣೆ ಮಾಡಿದ್ದು, ಗಲಾಟೆಯಾಗಿ ಸಭೆ ಮುಂದಕ್ಕೆ ಹೋದದ್ದು, ಅಧ್ಯಕ್ಷರು ಸಹಿ ಹಾಕಲು ಒಪ್ಪದಿದ್ದದ್ದು ಯಾವ ಸಾಫ್ಟ್‌ವೇರಿನ ಯಾವ ಕಾಲಮ್ಮಿಗೆ ಹೋಗುತ್ತದೆ?

ಕಂಪ್ಯೂಟರಿಗೆ ಹೋದದ್ದೆಲ್ಲ ಉಳಿಯುತ್ತದೆಂಬ ಭರವಸೆಯೂ ಬೇಡ. 1990ರ ದಶಕದಲ್ಲಿ ಕನ್ನಡವನ್ನು ಕಂಪ್ಯೂಟರಿನಲ್ಲಿ ಮೂಡಿಸಿದ್ದೇ ಒಂದು ಸಾಹಸ. ಆದರೆ ಒಬ್ಬೊಬ್ಬರದು ಒಂದೊಂದು ಅಕ್ಷರವಿನ್ಯಾಸ. ಆ ಕಾಲದ ಎಷ್ಟೋ ಸ್ಮರಣ ಸಂಚಿಕೆಗಳ ಫ್ಲಾಪಿ ಇಂದು ಇದ್ದರೂ ಹಾಕಲು ಯಂತ್ರವಿಲ್ಲ, ಹಾಕಿದರೂ ಕನ್ನಡದ ಬದಲು ಚಿತ್ರವಿಚಿತ್ರ ಗುರುತು ಕಾಣುತ್ತದೆ. ಕನ್ನಡವು ಯೂನಿಕೋಡಿನ 1991ರ ಮೊದಲ ಆವೃತ್ತಿಯಲ್ಲೇ ಇದ್ದರೂ ನಮ್ಮ ಡಿಟಿಪಿ ಅಂಗಡಿಗಳಿಗೆ ಅದು ಬರಲು ಬಹಳ ಕಾಲ ಹಿಡಿಯಿತು. ಬೆಳತೂರಿನ ಕಲ್ಲು ಇನ್ನೂ ಓದಲು ಬರುತ್ತದೆ. ಮೂವತ್ತು ವರ್ಷದ ಫ್ಲಾಪಿ ಬರುವುದಿಲ್ಲ! ಆದ್ದರಿಂದ ಟೈಪು ಮಾಡುವವರು ಯೂನಿಕೋಡಿನಲ್ಲೇ ಮಾಡಬೇಕು, ಒಂದು ಪ್ರತಿಯನ್ನು ಸಂಘದಲ್ಲೂ ಇನ್ನೊಂದನ್ನು ಬೇರೆ ಊರಿನಲ್ಲೂ ಇಡಬೇಕು, ಮೂಲ ಪುಸ್ತಕವನ್ನು ಯಾವ ಕಾರಣಕ್ಕೂ ತೂಕಕ್ಕೆ ಹಾಕಬಾರದು.

ಶಾಲೆಯ ಮಾತು ಎರಡೇ ಎರಡು. ಪಠ್ಯಪುಸ್ತಕದ ಕ್ಯೂಆರ್ ಕೋಡಿಗೆ ಮೊಬೈಲು ಹಿಡಿದರೆ ಪಾಠದ ವಿಡಿಯೋ ಬರುತ್ತದೆ, ಮಕ್ಕಳಿಗೆ ಹಿಡಿಸುತ್ತದೆ. ಆದರೆ ಹೊಯ್ಸಳರ ಪಾಠವನ್ನು ವಿಡಿಯೋದಲ್ಲಿ ನೋಡಿದ ಮಗು ಊರ ಮುಂದಿನ ವೀರಗಲ್ಲಿನ ಮೇಲೆ ಬ್ಯಾಗಿಟ್ಟು ಆಟಕ್ಕೆ ಹೋಗುವುದಾದರೆ ಏನು ಬಂತು? ಇನ್ನು ಕೇಳಿದ ತಕ್ಷಣ ಪುಟಗಟ್ಟಲೆ ಬರೆದುಕೊಡುವ ಕೃತಕ ಬುದ್ಧಿಮತ್ತೆ. ‘ನಮ್ಮೂರಿನ ಚರಿತ್ರೆ ಬರೆ’ ಎಂದರೆ ತಡವರಿಸದೆ ಬರೆಯುತ್ತದೆ. ಇಲ್ಲದ ಶಾಸನಕ್ಕೆ ನಂಬರನ್ನೂ ಕೊಟ್ಟುಬಿಡಬಲ್ಲದು. ನಮ್ಮ ಪಾಂಡವರ ಕಥೆಯಲ್ಲಿ ಇಸವಿಯಾದರೂ ಇರಲಿಲ್ಲ! ಅದು ಕೊಟ್ಟ ನಂಬರನ್ನು ಸಂಪುಟದಲ್ಲಿ ತೆರೆದು ನೋಡಿ, ಇದೆಯೋ ಇಲ್ಲವೋ ಬರೆದುಕೊಂಡು ಬಾ ಎಂದು ಮಕ್ಕಳಿಗೆ ಕೆಲಸ ಕೊಟ್ಟರೆ ಅದೇ ಒಂದು ಒಳ್ಳೆಯ ಚರಿತ್ರೆ ಪಾಠವಾಗುತ್ತದೆ.

ಸಂಘದ ಹಳೆಯ ಪುಸ್ತಕಗಳನ್ನು ವರ್ಷವಾರು ಜೋಡಿಸಿ, ಬೇವಿನ ಸೊಪ್ಪು ಹಾಕಿ, ಕಬ್ಬಿಣದ ಬೀರುವಿನ ಮೇಲಿನ ಎರಡು ಸಾಲಿಗೆ ಸೇರಿಸಿದ್ದೇವೆ. ಪುಟಪುಟವೂ ಫೋಟೋ ತೆಗೆಯುವ ಕೆಲಸವನ್ನು ನಡವಳಿ ಪುಸ್ತಕದಿಂದ ಆರಂಭಿಸಬೇಕೆಂದೂ, ಇದನ್ನು ಈ ಸಲದ ಸರ್ವಸದಸ್ಯರ ಸಭೆಯ ವಿಷಯಪಟ್ಟಿಯಲ್ಲಿ ಸೇರಿಸಬೇಕೆಂದೂ ಆಡಳಿತ ಮಂಡಳಿಯವರಲ್ಲಿ ವಿನಂತಿಸಿದ್ದೇವೆ. ಸದಸ್ಯ ಬಂಧುಗಳ ಮನೆಯಲ್ಲಿ ಸಂಘದ ಶುರುವಿನ ಕಾಲದ ಹಾಲಿನ ಕಾರ್ಡು, ಪಾಸ್‌ಪುಸ್ತಕ, ಗೇಣಿ ಚೀಟಿ, ತಂಬಾಕು ಹರಾಜಿನ ಬಿಲ್ಲು, ಮದುವೆ ಲಗ್ನಪತ್ರಿಕೆ, ಹಳೆಯ ಫೋಟೋ ಏನೇ ಇದ್ದರೂ ಬಿಸಾಡಬೇಡಿ. ಬೆಳಗಿನ ಹಾಲು ಮುಗಿದ ಮೇಲೆ ಕಾರ್ಯದರ್ಶಿಯವರಿಗೆ ತೋರಿಸಿದರೆ ಅಲ್ಲೇ ಫೋಟೋ ತೆಗೆದುಕೊಂಡು, ಅದೇ ಗಳಿಗೆಯಲ್ಲಿ ನಿಮ್ಮ ಕೈಗೆ ಹಿಂದಿರುಗಿಸಲಾಗುವುದು.